ಖಾಯಂ ಗಿರಾಕಿಯ ಮನಸ್ಸು



ಇಂದಿನ ಚಿಂತನೆ: ಅಂಗಡಿಯಲ್ಲಿ ನಾವು ಹೆಸರು ಹಿಡಿದು ಕೇಳುವ ಸಾಮಾನು.

ತಿಂಗಳ ಸಾಮಾನಿನ ಚೀಟಿಯನ್ನು ಒಮ್ಮೆ ತೆಗೆದು ನೋಡಿ. ಅಕ್ಕಿ, ತೊಗರಿಬೇಳೆ, ರವೆ, ಮಂಡಕ್ಕಿ ಎಂದು ಬರೆಯುವಾಗ ನಾವು ವಸ್ತುವಿನ ಹೆಸರನ್ನಷ್ಟೇ ಬರೆಯುತ್ತೇವೆ. ಸೋಪು, ಚಹಾಪುಡಿ, ಪೇಸ್ಟು, ಕೊಬ್ಬರಿಎಣ್ಣೆ ಬಂದ ಕೂಡಲೇ ಕಂಪನಿಯ ಹೆಸರು ಬರೆಯುತ್ತೇವೆ. ಅಂಗಡಿಯವರು "ಅದು ಖಾಲಿ ಆಗ್ಯದೆ ಮೇಷ್ಟ್ರೇ, ಇದನ್ನ ತಗೊಂಡೋಗಿ, ಇದೂ ಚೆನ್ನಾಗೈತೆ" ಎಂದರೆ ನಮ್ಮ ಮುಖ ಬಾಡುತ್ತದೆ. "ಬೇಡ ಬಿಡಿ, ನಾಳೆ ಬರ್ತೀನಿ" ಎನ್ನುತ್ತೇವೆ. ಇಪ್ಪತ್ತು ವರ್ಷದಿಂದ ಒಂದೇ ಚಹಾಪುಡಿ ಕುಡಿಯುತ್ತಿದ್ದೇವೆ ಎಂದು ಹೇಳುವಾಗ ನಮ್ಮ ದನಿಯಲ್ಲಿ ಸಣ್ಣ ಹೆಮ್ಮೆಯೂ ಇರುತ್ತದೆ, ಯಾವುದೋ ವ್ರತ ಕೆಡದಂತೆ ಪಾಲಿಸಿದ ಹಾಗೆ.

ಪ್ರಶ್ನೆ ಇದು: ಈ ನಿಷ್ಠೆ ಒಂದು ಗುಣವೋ ಅಥವಾ ಒಂದು ಕಟ್ಟೋ? ಧಮ್ಮದ ಮಾತಿನಲ್ಲಿ ಕೇಳುವುದಾದರೆ, ಇದು ಕತಞ್ಞುತಾ, ಅಂದರೆ ಪಡೆದ ಉಪಕಾರವನ್ನು ಅರಿತು ನೆನೆಯುವುದೋ? ಅಥವಾ ಉಪಾದಾನ, ಅಂದರೆ ಬಿಡಲಾರದೆ ಹಿಡಿದುಕೊಳ್ಳುವುದೋ? ಸೋಪಿನ ವಿಷಯಕ್ಕೆ ಇಷ್ಟು ದೊಡ್ಡ ಪ್ರಶ್ನೆ ಯಾಕೆ ಎಂದು ಕೇಳಬಹುದು. ದೊಡ್ಡ ಆಸೆಗಳನ್ನು ನಾವು ಹೇಗೂ ಕಾಯುತ್ತಿರುತ್ತೇವೆ. ಮನಸ್ಸು ಅಭ್ಯಾಸ ಬೆಳೆಸಿಕೊಳ್ಳುವುದು ಇಂಥ ಸಣ್ಣ ಜಾಗಗಳಲ್ಲಿ, ಯಾರೂ ಕಾಯದ ಕಡೆ.

ಮೊದಲು ಹೆಸರಿನ ವಿಷಯ. ನಮ್ಮ ಕಡೆ "ಕೋಲ್ಗೇಟ್ ಕೊಡ್ರಿ" ಎಂದರೆ ಯಾವುದಾದರೂ ಪೇಸ್ಟು ಕೊಡಿ ಎಂದರ್ಥ. ಬಟ್ಟೆ ಪುಡಿಗೆ ಸರ್ಫ್ ಎನ್ನುತ್ತೇವೆ. ವನಸ್ಪತಿಗೆ ಡಾಲ್ಡಾ ಎಂದೆವು, ನಕಲು ಪ್ರತಿಗೆ ಜೆರಾಕ್ಸ್ ಎಂದೆವು, ಬಾಟಲಿ ನೀರಿಗೆ ಬಿಸ್ಲೇರಿ ಎಂದೆವು. ಕನ್ನಡ ಪಾಠ ಮಾಡುವ ನನಗೆ ಇದು ವಿಚಿತ್ರ ವ್ಯಾಕರಣವಾಗಿ ಕಾಣುತ್ತದೆ: ಅಂಕಿತನಾಮವು ರೂಢನಾಮವಾಗಿಬಿಟ್ಟಿದೆ. ನಾಗಸೇನ ಭಂತೆ ಮಿಲಿಂದ ರಾಜನಿಗೆ ರಥದ ಉದಾಹರಣೆ ಕೊಟ್ಟದ್ದು ನೆನಪಿರಬಹುದು. ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ. ಇವೆಲ್ಲ ಕೂಡಿದಾಗ ವ್ಯವಹಾರಕ್ಕೆಂದು ನಾವು ಇಟ್ಟುಕೊಂಡ ಹೆಸರು ರಥ. ಬ್ರಾಂಡೂ ಹಾಗೆಯೇ. ಎಣ್ಣೆ, ಕ್ಷಾರ, ಸುವಾಸನೆ, ಕಾಗದದ ಡಬ್ಬಿ, ದುಡಿದ ಕೈಗಳು, ಜಾಹೀರಾತಿನ ಹಾಡು ಇವೆಲ್ಲ ಕೂಡಿದ ಕಡೆ ಒಂದು ಹೆಸರು ಕೂತಿದೆ. ಹೆಸರಿಡುವುದು ತಪ್ಪಲ್ಲ, ಹೆಸರಿಲ್ಲದೆ ವ್ಯವಹಾರ ನಡೆಯದು. ಹೆಸರೇ ಒಂದು ಜೀವ, ಅದಕ್ಕೊಂದು ಮುಖ ಇದೆ, ನಾನು ಅದಕ್ಕೆ ದ್ರೋಹ ಮಾಡಬಾರದು ಎಂದು ಅನಿಸತೊಡಗಿದಾಗ ಎಚ್ಚರ ಬೇಕು.

ಈ ಹೆಸರುಗಳ ಒಳಗಿನದು ಬದಲಾಗುತ್ತಲೇ ಇರುತ್ತದೆ. ನಮ್ಮಲ್ಲಿ ಎಷ್ಟೋ ಮನೆಯವರು ತಲೆಮಾರುಗಳಿಂದ ಬಳಸಿದ ಹಮಾಮ್ ಸೋಪು ಮೊದಲು ಟಾಟಾದವರದು. ಅವರ ಎಣ್ಣೆ-ಸೋಪಿನ ಕಂಪನಿ 1990ರ ದಶಕದಲ್ಲಿ ಹಿಂದೂಸ್ತಾನ್ ಲಿವರ್‌ನಲ್ಲಿ ಸೇರಿಹೋಯಿತು. ಥಮ್ಸ್ ಅಪ್ ನಮ್ಮ ದೇಶದ ಪಾರ್ಲೆಯವರು ಕಟ್ಟಿದ ಹೆಸರು. 1993ರಲ್ಲಿ ಅದನ್ನು ಕೋಕಾ-ಕೋಲಾ ಕೊಂಡಿತು. ಕುಡಿಯುವವರು ಕುಡಿಯುತ್ತಲೇ ಇದ್ದರು. ಒಡೆಯ ಬದಲಾದ, ಲಾಭ ಹೋಗುವ ಊರು ಬದಲಾಯಿತು, ಆದರೂ ನಿಷ್ಠೆ ಕದಲಲಿಲ್ಲ. ಹಾಗಾದರೆ ಅಷ್ಟು ದಿನ ನಾವು ನಿಷ್ಠರಾಗಿದ್ದದ್ದು ಯಾರಿಗೆ? ಅನಿಚ್ಚ ಎಂದರೆ ಏನು ಎಂದು ತಿಳಿಯಲು ಸ್ಮಶಾನಕ್ಕೇ ಹೋಗಬೇಕಿಲ್ಲ, ಬಚ್ಚಲಮನೆಯ ಸೋಪಿನ ಪೆಟ್ಟಿಗೆಯೂ ಅದನ್ನು ಹೇಳುತ್ತದೆ.

ಇಷ್ಟು ಹೇಳಿ, ಎಲ್ಲ ಬ್ರಾಂಡೂ ಮಾಯೆ, ಸಿಕ್ಕಿದ್ದು ತನ್ನಿ ಎಂದು ಮುಗಿಸಿದರೆ ಅದು ಸೋಮಾರಿಯ ವೈರಾಗ್ಯ. ಇನ್ನೊಂದು ಬದಿಯನ್ನೂ ನೋಡೋಣ.

ಜಗಳೂರು ಕಡೆ ಮಳೆ ನಂಬಿ ಮೆಕ್ಕೆಜೋಳ ಹಾಕುವ ರೈತನನ್ನು ಕೇಳಿ. ಹೈಬ್ರಿಡ್ ಬೀಜವನ್ನು ಮನೆಯಲ್ಲಿ ಉಳಿಸಿಕೊಂಡು ಮತ್ತೆ ಬಿತ್ತಿದರೆ ಮೊದಲಿನ ಇಳುವರಿ ಬರುವುದಿಲ್ಲ, ವರ್ಷವರ್ಷವೂ ಹೊಸ ಚೀಲ ಕೊಳ್ಳಲೇಬೇಕು. ಚೀಲದ ಒಳಗಿನ ಕಾಳು ಮೊಳೆಯುತ್ತದೋ ಇಲ್ಲವೋ ಎಂದು ಅಂಗಡಿಯಲ್ಲಿ ನಿಂತು ತಿಳಿಯಲು ಆಗದು. ತಿಳಿಯುವಷ್ಟರಲ್ಲಿ ಹದ ಹೋಗಿರುತ್ತದೆ, ಮಳೆಯೂ ಹೋಗಿರುತ್ತದೆ. ಅವನಿಗೆ ಚೀಲದ ಮೇಲಿನ ಹೆಸರು ಶೋಕಿಯಲ್ಲ. ಕಳೆದ ವರ್ಷದ ಬೆಳೆಯೇ ಅವನ ಸಾಕ್ಷಿ, ಆ ಸಾಕ್ಷಿಯನ್ನು ನೆನಪಿಡಲು ಅವನಿಗಿರುವ ಗುರುತು ಆ ಹೆಸರು. ಕೂಸಿಗೆ ಕೊಡುವ ಔಷಧಿಗೆ, ತಾಯಿ ಕೊಳ್ಳುವ ಹಾಲಿಗೆ ಇದೇ ಮಾತು ಸಲ್ಲುತ್ತದೆ. ಕಲಬೆರಕೆಯ ಲೋಕದಲ್ಲಿ ಒಂದು ಹೆಸರನ್ನು ನಂಬುವುದು ಬಡವನ ವಿಮೆ. ಶ್ರೀಮಂತನ ಸೋಪು ಚೆನ್ನಾಗಿಲ್ಲದಿದ್ದರೆ ಇನ್ನೊಂದು ತರುತ್ತಾನೆ. ಕೂಲಿಯವನಿಗೆ ತಪ್ಪು ಚೀಲ ಬಂದರೆ ಆ ವರ್ಷವೇ ತಪ್ಪಿಹೋಗುತ್ತದೆ. ಆದ್ದರಿಂದ ಬಡವರ ಬ್ರಾಂಡ್ ನಿಷ್ಠೆಯನ್ನು ನೋಡಿ ಓದಿದವರು ನಗಬಾರದು.

ಇನ್ನೂ ಆಳದ ಒಂದು ಮಾತಿದೆ. ನನ್ನ ದೊಡ್ಡಮ್ಮ ಚನ್ನಗಿರಿ ಸೀಮೆಯ ಒಂದು ಹಳ್ಳಿಯ ಕೇರಿಯಲ್ಲಿ ಬಾಳಿದವರು. ಅವರ ಟ್ರಂಕಿನಲ್ಲಿ ಸೀರೆಗಳ ನಡುವೆ ಒಂದು ಮೈಸೂರು ಸ್ಯಾಂಡಲ್ ಸೋಪು ಯಾವಾಗಲೂ ಇರುತ್ತಿತ್ತು. ಅದರಲ್ಲಿ ಸ್ನಾನ ಮಾಡಿದ್ದನ್ನು ನಾವು ಕಂಡಿದ್ದು ಕಡಿಮೆ. ಮದುವೆಗೆ, ಆಸ್ಪತ್ರೆಗೆ, ಮಕ್ಕಳ ಶಾಲೆಗೆ ಹೋಗುವ ದಿನ ಟ್ರಂಕು ತೆರೆದರೆ ಸೀರೆಯ ಜೊತೆ ಗಂಧದ ಪರಿಮಳ ಹೊರಗೆ ಬರುತ್ತಿತ್ತು. ಅವರು ಚಿಕ್ಕವರಿದ್ದಾಗ ನಮ್ಮ ಜನ ಅಂಗಡಿಯ ಕಟ್ಟೆ ಹತ್ತುವಂತಿರಲಿಲ್ಲ. ದೂರ ನಿಂತು ಕೇಳಬೇಕು, ದುಡ್ಡು ಕೆಳಗೆ ಇಡಬೇಕು, ಸಾಮಾನು ಮೇಲಿಂದ ಬೀಳುತ್ತಿತ್ತು. ಕೊಟ್ಟದ್ದನ್ನು ತೆಗೆದುಕೊಳ್ಳಬೇಕೇ ಹೊರತು ಇಂಥದ್ದೇ ಬೇಕು ಎಂದು ಕೇಳುವ ಬಾಯಿ ಇರಲಿಲ್ಲ. ಮುಂದೆ ಅದೇ ಹೆಣ್ಣುಮಗಳು ಪೇಟೆಯ ಅಂಗಡಿಯಲ್ಲಿ ನಿಂತು ಹೆಸರು ಹೇಳಿ, "ಅದು ಬೇಡ, ಇದು ಕೊಡಿ" ಎಂದು ಕೇಳಿದರು.

ದೊಡ್ಡಮ್ಮನ ಆ ಸೋಪನ್ನು ನಾನು ಉಪಾದಾನ ಎಂದು ಕರೆಯಲಾರೆ. ಇಂಥದ್ದೇ ಬೇಕು ಎಂದು ಕೇಳುವುದು ಅವರ ಪಾಲಿಗೆ ಮನುಷ್ಯಳಾಗಿ ನಿಲ್ಲುವುದಾಗಿತ್ತು. ಬಾಬಾಸಾಹೇಬರು ಕೋಟು, ಟೈ ತೊಟ್ಟು ನಿಂತ ಚಿತ್ರ ನಮ್ಮೆಲ್ಲರ ಮನೆಯ ಗೋಡೆಯ ಮೇಲಿದೆ. ಆ ಕೋಟಿನಲ್ಲಿ ನಮ್ಮ ಹಿರಿಯರು ಕಂಡದ್ದು ತಲೆಯೆತ್ತಿ ನಿಂತ ಮನುಷ್ಯನನ್ನು. ಇಲ್ಲದವರಿಗೆ, ಕಿತ್ತುಕೊಂಡಿಸಿಕೊಂಡವರಿಗೆ ಮೊದಲ ದಿನವೇ ತ್ಯಾಗದ ಪಾಠ ಹೇಳುವುದು ಧಮ್ಮವಲ್ಲ. ಬಿಡಲು ಮೊದಲು ಕೈಯಲ್ಲಿ ಏನಾದರೂ ಇರಬೇಕು.

ಆದರೆ ಅದೇ ಸೋಪನ್ನು ಇನ್ನೊಂದು ಕೈಯಲ್ಲಿ ನೋಡಿ. ನಮ್ಮ ತರಗತಿಗಳಲ್ಲಿ ಮಕ್ಕಳು ಒಬ್ಬರ ಶೂ ಒಬ್ಬರು ನೋಡುತ್ತಾರೆ, ಜಾಮಿಟ್ರಿ ಬಾಕ್ಸಿನ ಹೆಸರು ಓದುತ್ತಾರೆ. "ನಿಂದು ಲೋಕಲ್, ನಂದು ಕಂಪನಿದು" ಎಂಬ ಮಾತು ಆರನೇ ತರಗತಿಗೆ ಬರುವಷ್ಟರಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಸರ್ಕಾರ ಕೊಡುವ ಸಮವಸ್ತ್ರದ ಉದ್ದೇಶವೇ ಮಕ್ಕಳ ನಡುವಿನ ಭೇದ ಕಾಣದಿರಲಿ ಎಂಬುದು. ಬಟ್ಟೆಯಲ್ಲಿ ಮುಚ್ಚಿಹೋದ ಭೇದ ಬ್ಯಾಗಿನ ಮೇಲಿನ ಗುರುತಿನಲ್ಲಿ ತಲೆ ಹಾಕುತ್ತದೆ. ಅಜ್ಜಿಗೆ ಮಾನ ಕೊಟ್ಟ ವಸ್ತು ಮೊಮ್ಮಗನ ಕೈಯಲ್ಲಿ ಇನ್ನೊಬ್ಬನ ಮಾನ ತೆಗೆಯುವ ಕಲ್ಲಾಗಬಹುದು. ವಸ್ತು ಅದೇ, ಪರಿಮಳ ಅದೇ, ಮನಸ್ಸು ಬೇರೆ. ಮನಸ್ಸೇ ಎಲ್ಲಕ್ಕೂ ಮುಂದಾಳು ಎಂದು ನಾವು ದಿನವೂ ಹೇಳಿಕೊಳ್ಳುವುದರ ಅರ್ಥ ಇದೇ ಅಲ್ಲವೇ?

ಭಗವಾನರು ಉಪಾದಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಆ ನಾಲ್ಕನ್ನೂ ಕಿರಾಣಿ ಅಂಗಡಿಯ ಮುಂದೆ ನಿಂತು ನೋಡಬಹುದು.

ಒಂದನೆಯದು ಕಾಮುಪಾದಾನ, ಇಂದ್ರಿಯ ಸುಖವನ್ನು ಹಿಡಿದುಕೊಳ್ಳುವುದು. ನಾಲಗೆಗೆ ಆ ಚಹಾದ ರುಚಿಯೇ ಬೇಕು, ಮೂಗಿಗೆ ಆ ವಾಸನೆಯೇ ಬೇಕು. ನಾಲ್ಕರಲ್ಲಿ ಇದು ಪಾಪದ್ದು, ಕಣ್ಣಿಗೆ ಕಾಣುತ್ತದೆ. 2015ರ ಜೂನ್‌ನಲ್ಲಿ ಮ್ಯಾಗಿಗೆ ತಡೆ ಬಿದ್ದು ಅದೇ ನವೆಂಬರಿನಲ್ಲಿ ಅದು ಮತ್ತೆ ಅಂಗಡಿಗೆ ಬಂದಾಗ ಮಕ್ಕಳು ಓಡಿದ್ದು ನಾಲಗೆಯ ಹಿಂದೆಯೇ.

ಎರಡನೆಯದು ದಿಟ್ಠುಪಾದಾನ, ಅಭಿಪ್ರಾಯವನ್ನು ಹಿಡಿದುಕೊಳ್ಳುವುದು. ನಾನು ಕೊಳ್ಳುವುದೇ ಶ್ರೇಷ್ಠ, ಉಳಿದದ್ದೆಲ್ಲ ಡೂಪ್ಲಿಕೇಟು. ಇದಕ್ಕೆ ಬೇರೆಯದನ್ನು ಬಳಸಿ ನೋಡಿರಬೇಕೆಂದೂ ಇಲ್ಲ.

ಮೂರನೆಯದು ಸೀಲಬ್ಬತುಪಾದಾನ, ಆಚರಣೆಯನ್ನೇ ಸಾರವೆಂದು ಹಿಡಿಯುವುದು. ನಮ್ಮ ಮನೆಯಲ್ಲಿ ಹಿಂದಿನಿಂದಲೂ ಇದೇ ಎಣ್ಣೆ, ಹಬ್ಬಕ್ಕೆ ಇದೇ ಊದುಬತ್ತಿ. ಯಾಕೆ ಎಂದರೆ, ಹಿಂದಿನಿಂದಲೂ ಹಾಗೆ.

ನಾಲ್ಕನೆಯದು ಅತ್ತವಾದುಪಾದಾನ, 'ನಾನು' ಎಂಬ ಭಾವನೆಯನ್ನು ಹಿಡಿಯುವುದು. ನಾನು ಇಂಥ ಫೋನು ಹಿಡಿಯುವವನು, ಇಂಥ ಬೈಕಿನವನು, ಇಂಥ ಅಂಗಡಿಯಲ್ಲಿ ಸೀರೆ ಉಡುವವಳು. ಇಲ್ಲಿ ವಸ್ತುವಿನ ಗುಣ ಲೆಕ್ಕಕ್ಕೇ ಇಲ್ಲ. ಯಾರಾದರೂ ಆ ವಸ್ತುವನ್ನು ಟೀಕಿಸಿದರೆ ನಮಗೆ ಪೆಟ್ಟಾಗುತ್ತದೆ. ಆ ನೋವೇ ಗುರುತು. ನಾವು ಕೊಳ್ಳುವ ಪೇಸ್ಟನ್ನು ಒಬ್ಬರು ಚೆನ್ನಾಗಿಲ್ಲ ಎಂದಾಗ ಹಲ್ಲಿಗೆ ನೋವಾಗುವುದಿಲ್ಲ, ನಮಗಾಗುತ್ತದೆ.

ಇನ್ನು "ನಮ್ಮದು" ಎಂಬ ಮಾತು. ಇದು ಇಂದಿನ ಚಿಂತನೆಯ ಕಷ್ಟದ ಭಾಗ. ಮೈಸೂರು ಸ್ಯಾಂಡಲ್ ಸೋಪಿನ ಮೇಲೆ ಕನ್ನಡಿಗರಿಗೆ ಇರುವುದು ಬರೀ ಪರಿಮಳದ ಮೋಹವಲ್ಲ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ರಫ್ತು ನಿಂತು ಮರ ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರ ಹೊತ್ತಿಗೆ ಎಣ್ಣೆಯನ್ನು ಇಲ್ಲೇ ಬಟ್ಟಿ ಇಳಿಸುವ ಕೆಲಸ ಶುರುವಾಯಿತು. ಸೋಪಿನ ವಿದ್ಯೆ ಕಲಿಯಲು ಎಸ್. ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳಿಸಿದರು. 1944ರಲ್ಲಿ ನಮ್ಮ ಪಕ್ಕದ ಶಿವಮೊಗ್ಗದಲ್ಲೂ ಗಂಧದೆಣ್ಣೆ ಕಾರ್ಖಾನೆ ಬಂತು. ಹೊನ್ನಾಳಿ, ಚನ್ನಗಿರಿಯವರು 1997ರವರೆಗೂ ಶಿವಮೊಗ್ಗ ಜಿಲ್ಲೆಯವರೇ, ಹಾಗಾಗಿ ಈ ಹೆಮ್ಮೆಯಲ್ಲಿ ನಮಗೂ ಪಾಲುಂಟು. 2025ರ ಮೇ ತಿಂಗಳಲ್ಲಿ ಈ ಸೋಪಿಗೆ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿಯಾಗಿ ಮಾಡಿದಾಗ, ಕನ್ನಡದವರು ಸಿಗಲಿಲ್ಲವೇ ಎಂದು ಜನ ಕೇಳಿದ್ದು ಈ "ನಮ್ಮದು" ಎಂಬ ಭಾವದಿಂದಲೇ.

ಆದರೆ ಇನ್ನೊಂದು ಸಂಗತಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಆ ಸೋಪಿನ ಮೂಲವಾದ ಗಂಧದ ಮರ ರೈತನ ಹೊಲದಲ್ಲೇ ಹುಟ್ಟಿದರೂ ಅದು ಅವನದಾಗಿರಲಿಲ್ಲ, ಸರ್ಕಾರದ್ದಾಗಿತ್ತು. ತನ್ನ ಜಮೀನಿನ ಗಂಧದ ಮರಕ್ಕೆ ತಾನೇ ಒಡೆಯ ಎಂಬ ಕಾನೂನು ಬಂದದ್ದು 2001ರ ತಿದ್ದುಪಡಿಯಲ್ಲಿ. ಡಬ್ಬಿಯ ಮೇಲೆ "ನಮ್ಮದು" ಎಂದು ಹೆಮ್ಮೆಪಡುತ್ತಿದ್ದ ಅಷ್ಟೂ ವರ್ಷ ಬೇರು ನಮ್ಮದಾಗಿರಲಿಲ್ಲ. "ನಮ್ಮದು" ಎಂದಾಗ ಆ "ನಾವು" ಯಾರು ಎಂದು ಕೇಳುವುದು ಅನತ್ತದ ಅಭ್ಯಾಸವೂ ಹೌದು, ನ್ಯಾಯದ ಅಭ್ಯಾಸವೂ ಹೌದು.

ಹಾಲಿನ ಮಾತು ಇನ್ನೂ ಹತ್ತಿರದ್ದು. ನಮ್ಮ ಹಳ್ಳಿಗಳ ಡೈರಿಯಲ್ಲಿ ಬೆಳಿಗ್ಗೆ, ಸಂಜೆ ಸಾಲು ನಿಲ್ಲುತ್ತದೆ. ಹಾಲಿನ ಡಿಗ್ರಿ ನೋಡುತ್ತಾರೆ, ಕೊಬ್ಬಿನ ಅಂಶ ನೋಡುತ್ತಾರೆ, ಬರೆದುಕೊಳ್ಳುತ್ತಾರೆ, ಒಂದೇ ಕ್ಯಾನಿಗೆ ಸುರಿಯುತ್ತಾರೆ. ಗೌಡರ ಮನೆಯ ಹಾಲು, ಕೇರಿಯ ಮನೆಯ ಹಾಲು ಒಂದೇ ಕ್ಯಾನಿನಲ್ಲಿ ಬೆರೆತು, ನಮ್ಮ ಶಿವಮೊಗ್ಗ-ದಾವಣಗೆರೆ-ಚಿತ್ರದುರ್ಗದ ಒಕ್ಕೂಟಕ್ಕೆ ಹೋಗಿ, ನಂದಿನಿ ಎಂಬ ಹೆಸರಿನಲ್ಲಿ ಎಲ್ಲರ ಮನೆಗೂ ಮರಳುತ್ತದೆ. ಇದು ಎಲ್ಲ ಊರುಗಳಲ್ಲೂ ತಕರಾರಿಲ್ಲದೆ ನಡೆಯಿತು ಎಂದು ನಾನು ಹೇಳುವುದಿಲ್ಲ. ಆದರೆ ಯಾರ ಕೈಯ ಹಾಲು ಎಂದು ಕೇಳುತ್ತಿದ್ದ ಸಮಾಜದಲ್ಲಿ ಹಾಲನ್ನು ಅಳೆಯಬೇಕಾದದ್ದು ಹಾಲಿನ ಗುಣದಿಂದ ಎಂಬ ನಿಯಮ ಬಂದದ್ದು ಸಣ್ಣದಲ್ಲ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯ ಯೋಜನೆಯಲ್ಲಿ ನಮ್ಮ ಶಾಲೆಗಳಿಗೂ ಅದೇ ಹಾಲಿನ ಪುಡಿ ಬರುತ್ತಿದೆ. ಒಂದು ಲೋಟಕ್ಕೆ 18 ಗ್ರಾಂ ಪುಡಿ, 150 ಮಿಲಿ ಹಾಲು. ಒಂದೇ ಪಾತ್ರೆಯಿಂದ ಎಲ್ಲ ಮಕ್ಕಳಿಗೂ ಹಾಕುವಾಗ ಆ ಪ್ಯಾಕೆಟ್ಟಿನ ಮೇಲೆ ನನಗೆ ಗೌರವ ಮೂಡುತ್ತದೆ.

2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿಗೆ ಹಾಲು, ಮೊಸರು ತರುವುದಾಗಿ ಹೇಳಿದಾಗ ರಾಜ್ಯದಲ್ಲಿ ದೊಡ್ಡ ಗದ್ದಲವಾಯಿತು. ನಮ್ಮ ಊರಿನ ಹೆಂಗಸಿನ ಹಾಲಿಗೆ ದರ ಸಿಗಲಿ ಎಂದು ನಂದಿನಿಯನ್ನೇ ಕೊಳ್ಳುವುದು ಯೋಗ್ಯವಾದ ನಿಷ್ಠೆ, ನಾನೂ ನಂದಿನಿಯನ್ನೇ ಕೊಳ್ಳುತ್ತೇನೆ. ಆದರೆ ಆಗ ಫೋನಿಗೆ ಬಂದ ಸಂದೇಶಗಳಲ್ಲಿ ಎಷ್ಟೋ ಇನ್ನೊಂದು ಹಾಲನ್ನು ಕೀಳು ಮಾಡುವಂಥವು. ಅಮುಲ್ ಕೂಡ ರೈತರದೇ ಸಹಕಾರ. 1946ರಲ್ಲಿ ಖೇಡಾ ಜಿಲ್ಲೆಯ ಹಾಲಿನವರು ದಲ್ಲಾಳಿಗಳ ವಿರುದ್ಧ ಕಟ್ಟಿಕೊಂಡದ್ದು. ನಮ್ಮ ಹಾಲು ಮಹಾಮಂಡಳ 1974ರಿಂದ ಬೆಳೆದದ್ದು ಆಣಂದದ ಆ ಮಾದರಿಯ ಮೇಲೆಯೇ. ಅವರ ಅಂಗಡಿ ನಮ್ಮ ಊರಿಗೆ ಬೇಡ ಎನ್ನಲು ಕಾರಣ ಇರಬಹುದು, ಅಲ್ಲಿಯ ಎಮ್ಮೆ ಕರೆಯುವ ಹೆಂಗಸನ್ನು ದ್ವೇಷಿಸಲು ಕಾರಣವಿಲ್ಲ. ಕತಞ್ಞುತಾ ಉಪಕಾರಿಯ ಕಡೆ ನೋಡುತ್ತದೆ. ಉಪಾದಾನ ವೈರಿಯನ್ನು ಹುಡುಕುತ್ತದೆ. ಎರಡನ್ನೂ ಬೇರೆ ಮಾಡಿ ತಿಳಿಯಲು ಇದಕ್ಕಿಂತ ಸುಲಭದ ಗುರುತು ನನಗೆ ಕಂಡಿಲ್ಲ.

ಹಾಗಾದರೆ ಗೃಹಸ್ಥರಾದ ನಾವು ಏನು ಮಾಡಬೇಕು? ಕೇಸಪುತ್ತದ ಕಾಲಾಮರಿಗೆ ಭಗವಾನರು ಹೇಳಿದ್ದು ನಮಗೆ ಗೊತ್ತು: ಹಿಂದಿನಿಂದ ಬಂದಿದೆ ಎಂದೋ, ಎಲ್ಲರೂ ಹೇಳುತ್ತಾರೆ ಎಂದೋ, ಹೇಳಿದವರು ದೊಡ್ಡವರು ಎಂದೋ ಒಪ್ಪಬೇಡಿ, ನೀವೇ ಅರಿತು, ಒಳ್ಳೆಯದಾದರೆ ನಡೆಸಿ. ನ್ಯಾಮತಿಯಿಂದ ಶಿವಮೊಗ್ಗ ದಾಟಿ ಮಲೆನಾಡಿನ ಕಡೆ ಹೋದರೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತ ಎಷ್ಟೇ ಹೆಸರುವಾಸಿ ಕಂಪನಿಯದಾಗಿರಲಿ, ಬಲ್ಲವರು ದ್ರಾವಣಕ್ಕೆ ಹೊಳೆಯುವ ಚಾಕು ಅದ್ದಿ ನೋಡುತ್ತಾರೆ. ಅಲಗಿಗೆ ತಾಮ್ರದ ಕೆಂಪು ಅಂಟಿದರೆ ಸುಣ್ಣ ಸಾಲದು ಎಂದರ್ಥ. ಹೆಸರನ್ನು ನಂಬುತ್ತಾರೆ, ಚಾಕನ್ನೂ ಅದ್ದುತ್ತಾರೆ. ಇದು ಕಾಲಾಮರಿಗೆ ಹೇಳಿದ ದಾರಿಯೇ.

ಪರೀಕ್ಷೆಯೊಂದೇ ಸಾಲದು ಎಂದು ಸೇರಿವಾಣಿಜ ಜಾತಕ ಹೇಳುತ್ತದೆ. ಬಡತನಕ್ಕೆ ಬಿದ್ದ ಮನೆಯ ಅಜ್ಜಿ, ಮೊಮ್ಮಗಳು. ಮನೆಯಲ್ಲಿ ಮಸಿ ಹಿಡಿದ ಹಳೆಯ ಬಟ್ಟಲು. ಮೊದಲ ವ್ಯಾಪಾರಿ ಸೂಜಿಯಿಂದ ಗೀರಿ ನೋಡಿ ಚಿನ್ನ ಎಂದು ತಿಳಿದ, ಆದರೆ ಅರೆಕಾಸಿಗೂ ಬಾಳದು ಎಂದು ಎಸೆದು ಹೋದ, ಆಮೇಲೆ ಅಗ್ಗಕ್ಕೆ ಹೊಡೆದುಕೊಳ್ಳಲು. ಎರಡನೆಯವನು ಬಂದಾಗ ಅಜ್ಜಿ ಹಿಂಜರಿದಳು. ಮೊಮ್ಮಗಳು ಹೇಳಿದಳು, ಅವನ ಮಾತು ಒರಟು, ಇವನ ಮಾತು ಮೃದು ಎಂದು. ಈತ ಇದು ಲಕ್ಷ ಬಾಳುವ ಚಿನ್ನ ಎಂದು ನಿಜ ಹೇಳಿ, ತನ್ನಲ್ಲಿದ್ದುದನ್ನೆಲ್ಲ ಕೊಟ್ಟ. ಆ ಹುಡುಗಿ ನಂಬಿದ್ದು ಬೋರ್ಡನ್ನಲ್ಲ, ನಡತೆಯನ್ನು. ಹಳೇ ಮೈಸೂರು ಕಡೆ ದಿನವೂ ಒಬ್ಬರಿಂದಲೇ ಹಾಲು, ಹೂವು ಕೊಳ್ಳುವುದಕ್ಕೆ 'ವರ್ತನೆ' ಎನ್ನುತ್ತಾರೆ. ನಡತೆಗೂ ಅದೇ ಪದ. ಎಷ್ಟು ಸರಿಯಾದ ಕನ್ನಡ ನೋಡಿ: ಖಾಯಂ ಕೊಳ್ಳುವ ಸಂಬಂಧ ನಡತೆಯ ಮೇಲೆ ನಿಂತಿದೆ.

ಕೋಲಿಯರ ದೀಘಜಾಣುವಿಗೆ ಭಗವಾನರು ಹೇಳಿದ ಸಮಜೀವಿತದಲ್ಲಿ ತಕ್ಕಡಿಯ ಹೋಲಿಕೆ ಬರುತ್ತದೆ. ತೂಗುವವನಿಗೆ ಎಷ್ಟು ತಗ್ಗಿತು, ಎಷ್ಟು ಏರಿತು ಎಂದು ತಿಳಿದಿರುವಂತೆ ಗೃಹಸ್ಥನಿಗೆ ತನ್ನ ಆಯ-ವ್ಯಯ ತಿಳಿದಿರಬೇಕು. ಅಂಗಡಿಯವರ ಕೈಯ ತಕ್ಕಡಿಯನ್ನು ನಾವು ಬಿಡುಗಣ್ಣಿಂದ ನೋಡುತ್ತೇವೆ, ನಮ್ಮ ಮನಸ್ಸಿನದನ್ನೂ ಒಮ್ಮೆ ನೋಡೋಣ.

ಇಂದಿನ ಅಭ್ಯಾಸ: ಇವತ್ತು ಹೆಸರು ಹಿಡಿದು ಏನನ್ನಾದರೂ ಕೊಳ್ಳುವಾಗ ಒಂದು ಉಸಿರು ನಿಂತು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದರ ಗುಣವನ್ನು ನಾನು ಬಳಸಿ ಬಲ್ಲೆನೇ, ಅಥವಾ ರೂಢಿಯೇ? ಈ ದುಡ್ಡಿನಿಂದ ಯಾರ ಮನೆಯ ಒಲೆ ಉರಿಯುತ್ತದೆ? ಇದು ಸಿಗದಿದ್ದರೆ ನನಗೆ ಆಗುವುದು ತೊಂದರೆಯೋ, ಅವಮಾನವೋ? ಮೊದಲ ಎರಡಕ್ಕೆ ಉತ್ತರ ಸಿಕ್ಕಿದರೆ ನಿಶ್ಚಿಂತೆಯಿಂದ ಅದನ್ನೇ ಕೊಳ್ಳಿ. ಮೂರನೆಯದಕ್ಕೆ ಅವಮಾನ ಎಂಬ ಉತ್ತರ ಬಂದರೆ, ಇವತ್ತೊಂದು ದಿನ ಪಕ್ಕದ್ದನ್ನು ತನ್ನಿ. ಮನೆಯಲ್ಲಿ ಮಕ್ಕಳಿದ್ದರೆ ಅವರ ಎದುರಿಗೇ ತನ್ನಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್, ನಮೋ ಬುದ್ಧಾಯ.